ಏಷ್ಯಾ ಗೆದ್ದ ಮೊಮ್ಮಗಳು, ಮೆಣಸಿನಕಾಯಿ ಸುಟ್ಟ ಅಜ್ಜ

ನಮ್ಮ ದೇಶದ ಹೆಣ್ಣುಮಕ್ಕಳು ಫುಟ್‌ಬಾಲಿನಲ್ಲಿ ಇಡೀ ಏಷ್ಯಾ ಖಂಡವನ್ನೇ ಗೆದ್ದುಬಿಟ್ಟರು! ಗೆಲ್ಲಿಸಿದ ಆ ಒಂದೇ ಒಂದು ಗೋಲು ಹೊಡೆದವಳು ನನ್ನ ಮೊಮ್ಮಗಳು ನೀಲಾ. ಹೌದು, ಬ್ಯಾಡಗಿಯ ನೀಲಾ! ಇದನ್ನು ಬಸ್ ಕಂಡಕ್ಟರನಿಗೆ ಹೇಳಿದ್ದೇನೆ. ರಾಣೆಬೆನ್ನೂರಿನ ಹಲ್ಲಿನ ಡಾಕ್ಟರಿಗೂ ಹೇಳಿದ್ದೇನೆ, ಬಾಯಿ ಹೇಗೂ ತೆರೆದೇ ಇತ್ತು. ಆದರೆ ಆ ಗೋಲನ್ನು ನಾನು ನೋಡಿದ ಕಥೆಯನ್ನು ಮಾತ್ರ ಅವರಿಗೆ ಹೇಳಲಿಲ್ಲ.

ನಮ್ಮ ತಂಡ ಫೈನಲ್ ಮುಟ್ಟೀತೆಂದು ಯಾರೂ ನಂಬಿರಲಿಲ್ಲ. ಮೆಣಸಿನಕಾಯಿ ಒಣಹಾಕುವ ಬಯಲಿನಲ್ಲಿ ಹುಡುಗರ ಚೆಂಡು ಕಸಿದು ಆಟ ಕಲಿತ ನಮ್ಮ ನೀಲಾ ಅಂತೂ ಅಷ್ಟೂ ಪಂದ್ಯಗಳಲ್ಲಿ ಬೆಂಚಿನ ಮೇಲೇ ಕೂತಿದ್ದಳು. ಅವಳು ದೇಶಕ್ಕಾಗಿ ಆಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು, ಇದೊಂದೇ ನನ್ನ ಜೀವದ ಆಸೆ. ಫೈನಲ್ ದಿನ ಮಧ್ಯಾಹ್ನ ಓಣಿಯ ಜನವೆಲ್ಲ ನಮ್ಮ ಪಡಸಾಲೆಯಲ್ಲಿ. ಟಿವಿಗೆ ಬಿಸಿಲು ಬೀಳಬಾರದೆಂದು ಕಿಟಕಿ ಬಾಗಿಲು ಮುಚ್ಚಿಸಿದೆ. ಫ್ಯಾನ್ ಜೋರಾಗಿ ಹಾಕಿಸಿದೆ. ವ್ಯವಸ್ಥೆ ಎಂದರೆ ವ್ಯವಸ್ಥೆ!

ಆಟ ಮುಗಿಯಲು ಇನ್ನು ಸ್ವಲ್ಪ ಹೊತ್ತು, ಎರಡೂ ಕಡೆ ಸೊನ್ನೆ. ಆಗ ನೀಲಾ ಮೈದಾನಕ್ಕೆ ಇಳಿದಳು. ಇಳಿದವಳೇ ದಬಕ್ಕನೆ ಬಿದ್ದಳು!

"ದೃಷ್ಟಿ!" ಎಂದು ಎದ್ದು ನಿಂತೆ. "ಕೂಸಿಗೆ ದೃಷ್ಟಿ ಆಗೈತಿ!"

"ಆಕಿ ಎದ್ದು ಓಡಾಕತ್ತಾಳ. ನೀವು ಕುಂದರ್ರಿ," ಎಂದಳು ಹೆಂಡತಿ ಗಿರಿಜವ್ವ.

ಕೂರುವುದೇ? ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತೇ ಮುದುಕನಾದವನು ನಾನು! ಬಚ್ಚಲ ಒಲೆಯ ಕೆಂಡವನ್ನು ಹಳೆಯ ಹಂಚಿನ ಮೇಲೆ ತಂದೆ. ಒಂದು ಹಿಡಿ ಬ್ಯಾಡಗಿ ಕಾಯಿ ಹಿಡಿದು, ನೀಲಾಳ ಮುಖ ಕಂಡಾಗಲೆಲ್ಲ ಟಿವಿಗೆ ನಿವಾಳಿಸಿದೆ.

"ಕಾಕಾ, ಬಾಜೂಕ ಸರೀರಿ! ಬರೇ ನಿಮ್ಮ ಬೆನ್ನ ಕಾಣಾಕತ್ತೈತಿ!" ಎಂದು ಪಕ್ಕದ ಮನೆಯ ಖಾಜಾಸಾಬ ಕೂಗಿದ.

ಕಾಯಿಯನ್ನು ಕೆಂಡಕ್ಕೆ ಹಾಕಿದೆ. ಯಾರೂ ಕೆಮ್ಮಲಿಲ್ಲ! ದೃಷ್ಟಿ ತಗುಲಿದ್ದರೆ ಸುಟ್ಟ ಮೆಣಸಿನಕಾಯಿ ಘಾಟು ಬರುವುದಿಲ್ಲ, ಇದು ನಮ್ಮ ಕಡೆಯ ಶಾಸ್ತ್ರ.

"ನೋಡಿದಿ? ಇಡೀ ಏಷ್ಯಾದ ಕಣ್ಣು ಬಿದ್ದೈತಿ!"

"ಅಯ್ಯ, ಅದು ನಮ್ಮೂರ ಕಾಯಿರಿ. ಬಣ್ಣ ಜಾಸ್ತಿ, ಖಾರ ಕಡಿಮಿ. ಅದರಾಗ ಹಳೇದು ಬ್ಯಾರೆ!" ಎಂದಳು ಗಿರಿಜವ್ವ.

ಕೇಳುವವರು ಯಾರು? ದೊಡ್ಡ ದೃಷ್ಟಿಗೆ ಖಡಕ್ ಕಾಯಿಯೇ ಬೇಕು. ಉಪ್ಪಿನಕಾಯಿಗೆಂದು ಅವಳು ಇಟ್ಟಿದ್ದ ಗುಂಟೂರು ಕಾಯಿಯ ಡಬ್ಬಿಯನ್ನೇ ತಂದು ಕೆಂಡದ ಮೇಲೆ ಬೋರಲು ಹಾಕಿದೆ.

ಘಾಟು ಬಂತು! ಫ್ಯಾನು ಅದನ್ನು ಯಾರಿಗೂ ಕಡಿಮೆಯಾಗದಂತೆ ಹಂಚಿತು.

"ಯಾ ಅಲ್ಲಾ!" ಎಂದ ಖಾಜಾಸಾಬ.

"ನಿಮ್ಮ ಶಾಸ್ತ್ರಕ್ಕಿಷ್ಟು ಬೆಂಕಿ ಹಚ್ಚಲಿ!" ಎಂದಳು ಗಿರಿಜವ್ವ.

ಇಡೀ ಓಣಿ ಕೆಮ್ಮುತ್ತ ಬೀದಿಗೆ ಬಿತ್ತು. ಪಡಸಾಲೆಯಲ್ಲಿ ಉಳಿದದ್ದು ಟಿವಿ ಒಂದೇ. ಆಗಲೇ ಅದು "ಗೋಲ್! ನೀಲಾ! ನೀಲಾ!" ಎಂದು ಕಿರುಚತೊಡಗಿತು. ನನಗೆ ಸಂತೋಷದಿಂದ ಕಣ್ಣೀರು ಬಂತು. ಒರೆಸಿಕೊಂಡೆ. ಮೆಣಸಿನಕಾಯಿ ಹಿಡಿದ ಕೈಯಿಂದಲೇ!

ಉಳಿದವರು ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು ಒಳಗೆ ನುಗ್ಗಿದರು. ಟಿವಿಯಲ್ಲಿ ಆ ಗೋಲನ್ನು ಮತ್ತೆ ಮತ್ತೆ ತೋರಿಸಿದರಂತೆ. ಎಲ್ಲರೂ ನೋಡಿದರು, ಕುಣಿದರು. ನಾನು ಹಿತ್ತಲ ನಳದ ಕೆಳಗೆ ಮುಖವಿಟ್ಟು ಕೂತಿದ್ದೆ. ಜೀವದ ಆಸೆ ನೀರಿನ ಜೊತೆ ಗಟಾರಕ್ಕೆ ಹರಿಯಿತು.

"ಅಪ್ಪಾ, ಗೋಲ್ ನೋಡಿದಿ?" ಎಂದು ಮಗ ಬಂದು ಕೇಳಿದ.

"ನೋಡಿದೆ, ನೋಡಿದೆ," ಎಂದೆ. ಮಾನದ ಪ್ರಶ್ನೆ!

ಸಂಜೆ ಮನೆಮಂದಿಯೆಲ್ಲ ಸಾಲಾಗಿ ಊಟಕ್ಕೆ ಕೂತೆವು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗೋಧಿ ಹುಗ್ಗಿ. ನಡುವೆ ತಂಬಿಗೆಗೆ ಒರಗಿಸಿದ ಮೊಬೈಲಿನಲ್ಲಿ ನೀಲಾ, ಕೊರಳಲ್ಲಿ ಪದಕ!

"ಅಜ್ಜಾ, ನನ್ನ ಗೋಲ್ ಹೆಂಗಿತ್ತು?"

"ಏನ್ ಒದ್ದೀಯವ್ವಾ! ಅಂಥಾ ಒದಿ ನನ್ನ ಜನ್ಮದಾಗ ನೋಡಿಲ್ಲ!"

ಗಿರಿಜವ್ವ ಬಾಯಿಗೆ ಸೆರಗು ಹಿಡಿದಳು.

"ಅಜ್ಜಾ," ಎಂದಳು ನೀಲಾ, "ನಾ ಅದನ್ನ ತಲೀಲೆ ಹೊಡದೇನಿ."

ಮನೆಯವರು ನಕ್ಕ ನಗೆಗೆ ತಂಬಿಗೆಯೇ ಉರುಳಿತು. ನಾನು ಮಾತ್ರ ಕಣ್ಣು ಮಿಟುಕಿಸದೆ ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡೆ. ಮಿಟುಕಿಸಿದರೆ ಉರಿಯುತ್ತಿತ್ತು!