ಕಂಪ್ಯೂಟರಿಗೆ ಓದು ಕಲಿಸಿದ ಮೂರು ದಿನ

ಕಣ್ಣೆದುರಿಗೇ ಇರುವ ವಸ್ತುವನ್ನು 'ಇಲ್ಲ' ಎನ್ನುವ ವಿದ್ಯೆ ಗಂಡಸರಿಗೆ ಹುಟ್ಟಿನಿಂದಲೇ ಬರುತ್ತದೆ ಎಂಬುದು ನನ್ನ ಹೆಂಡತಿಯ ಖಚಿತ ಅಭಿಪ್ರಾಯ. ಜೀರಿಗೆ ಡಬ್ಬಿ ಕೊಡಿ ಎಂದರೆ ನಾನು ಅಡುಗೆಮನೆಯ ನಡುವೆ ನಿಂತು ಇಲ್ಲ ಎನ್ನುತ್ತೇನೆ. ಅವಳು ಬಂದು ನನ್ನ ಮೊಣಕೈ ಪಕ್ಕದಿಂದಲೇ ಅದನ್ನು ಎತ್ತಿಕೊಂಡು ಹೋಗುತ್ತಾಳೆ. ಹೀಗಾಗಿ ಮೊನ್ನೆ ನಮ್ಮ ಕಾಲೇಜಿನ ಕಂಪ್ಯೂಟರ್ 'ಲೈಬ್ರರಿ ಇಲ್ಲ' ಎಂದಾಗ ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಪೈಕಿಯದೇ ಇದು ಎಂದುಕೊಂಡೆ.

ನಾನು ಶಹಾಪುರದ ಒಂದು ಕಾಲೇಜಿನಲ್ಲಿ ಗುಮಾಸ್ತ. ಅಲ್ಲಿ ಇತಿಹಾಸ ಹೇಳುವವರು ದೇವಾಪುರದ ಭೀಮರಾಯ ಸರ್. ಚಿಕ್ಕಂದಿನಲ್ಲೇ ಅವರ ಕಣ್ಣು ಹೋಗಿದೆ. ಹೋದ ವರ್ಷವೆಲ್ಲ ಸಂಜೆ ಆಫೀಸು ಮುಗಿದ ಮೇಲೆ ನಾನು ಪಾಠ ಓದಿ ಹೇಳುತ್ತಿದ್ದೆ, ಅವರು ಕೇಳಿ ನೆನಪಿಟ್ಟುಕೊಂಡು ಮರುದಿನ ಕ್ಲಾಸಿಗೆ ಹೋಗುತ್ತಿದ್ದರು. ಪುಣ್ಯದ ಕೆಲಸ ಮಾಡುತ್ತಿದ್ದೀರಿ ಎಂದು ಪ್ರಿನ್ಸಿಪಾಲರು ಹೇಳಿದಾಗಲೆಲ್ಲ ನಾನು ನಾಚಿಕೊಳ್ಳುತ್ತಿದ್ದೆ, ಅಲ್ಲವೆನ್ನಲು ಮಾತ್ರ ಹೋಗುತ್ತಿರಲಿಲ್ಲ. ಈ ವರ್ಷ ರಜೆ ಮುಗಿಯುವ ಹೊತ್ತಿಗೆ ಭೀಮರಾಯ ಸರ್ ಒಂದು ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. ಕನ್ನಡ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮು, ಜೊತೆಗೆ ಟೈಪಾದ ಪಾಠಪುಸ್ತಕಗಳು. ಗುರುಮಠಕಲ್‌ನಲ್ಲಿ ಮಾಸ್ತರಾಗಿರುವ ಅವರ ಗೆಳೆಯರೊಬ್ಬರು ಕೊಟ್ಟದ್ದು.

"ಸಾಯಬಣ್ಣೋರೆ, ನನ್ನ ಪಾಠ ನಾನೇ ಓದ್ಕೋಬೇಕ್ರಿ. ಸೋಮವಾರ ಕ್ಲಾಸ್ ಸುರು ಆಗ್ತಾವ. ಅಷ್ಟರಾಗ ಆಗ್ತದೇನು ನೋಡ್ರಿ" ಎಂದರು. ಅವರು ನನ್ನನ್ನು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು.

ತೊಡಕು ಏನೆಂದರೆ ಆ ಪ್ರೋಗ್ರಾಮು ಹಾಕಿದ ಕೂಡಲೇ ಓಡುವಂಥದ್ದಲ್ಲ. ಆ ಗೆಳೆಯರು ಹಿಟ್ಟು ಕಳಿಸಿದ್ದರು, ರೊಟ್ಟಿ ನಾವೇ ಬಡಿಯಬೇಕು. ನಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಇರುವ ಲಿನಕ್ಸ್‌ನ ಬಳಗದಲ್ಲಿ ಇದಕ್ಕೆ ಕಂಪೈಲ್ ಎನ್ನುತ್ತಾರೆ. ಹಿಂದೊಮ್ಮೆ ಪ್ರಿಂಟರಿಗಾಗಿ ಹೀಗೆ ಮಾಡಿ ಗೆದ್ದಿದ್ದ ಧೈರ್ಯದಿಂದ ಗುರುವಾರ ಕೂತೆ. ಅಪ್ಪಣೆ ಕೊಟ್ಟ ಕೂಡಲೇ ಪರದೆಯ ಮೇಲೆ ಸಾಲುಗಳು ಸರಸರನೆ ಓಡಿ ಕೊನೆಗೆ ನಿಂತವು. ಧ್ವನಿಯ ಕೆಲಸ ಮಾಡುವ ಲೈಬ್ರರಿ ಇಲ್ಲ, ಎರರ್ ಒಂದು ಎಂದು ಬರೆದಿತ್ತು. ಲೈಬ್ರರಿಯೆಂದರೆ ಪ್ರೋಗ್ರಾಮು ತನ್ನ ಕೆಲಸಕ್ಕೆ ಎರವಲು ತರುವ ಸಿದ್ಧ ಸಾಮಾನು. "ಒಂದೇ ತಪ್ಪಂತ್ರಿ ಸರ್, ಭಾಳ ಇಲ್ಲ" ಎಂದು ಸಮಾಧಾನ ಹೇಳಿದೆ. ಆ ಒಂದು ಎಣಿಕೆಯಲ್ಲ, ಕೆಲಸ ಕೆಟ್ಟಿದೆ ಎಂಬುದರ ಗುರುತು ಎಂದು ನನಗೆ ಆಗ ತಿಳಿದಿರಲಿಲ್ಲ.

ಆ ಲೈಬ್ರರಿಯನ್ನು ತರಿಸಲು ಹೋದರೆ ಅದೇ ಕಂಪ್ಯೂಟರ್ 'ಅದು ಆಗಲೇ ಇದೆಯಲ್ಲ, ಅದೂ ಹೊಸದೇ ಇದೆ' ಎಂದಿತು. ಮತ್ತೆ ಕಂಪೈಲ್ ಮಾಡಿದರೆ ಇಲ್ಲ. ಗುರುವಾರ ಹೋಯಿತು, ಶುಕ್ರವಾರವೂ ಹೋಯಿತು. ಒಂದೇ ಬಾಯಲ್ಲಿ ಇದೆ ಎಂದೂ ಇಲ್ಲ ಎಂದೂ ಹೇಳುವುದನ್ನು ನಾನು ಮೇಲಿನ ಕಚೇರಿಗಳಲ್ಲಿ ಕಂಡಿದ್ದೆ, ಯಂತ್ರದಲ್ಲಿ ಕಂಡಿರಲಿಲ್ಲ. ಶನಿವಾರ ಮಧ್ಯಾಹ್ನ ಭೀಮರಾಯ ಸರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಒಟ್ಟು ಎಷ್ಟು ಸಾಲು ಬಂದಾವ್ರಿ?"

"ಎರಡುನೂರು ಇರಬೇಕ್ರಿ ಸರ್."

"ನೀವು ಎಷ್ಟು ಓದೀರಿ?"

"ಮೊದಲಿಂದೊಂದು, ಕಡೀದೊಂದು."

ಇದರಲ್ಲಿ ನನ್ನ ತಪ್ಪೇನೂ ಇಲ್ಲವೆಂದು ಆಗ ನಂಬಿದ್ದೆ. ಇಪ್ಪತ್ತೆರಡು ವರ್ಷದಿಂದ ನಾನು ಸರ್ಕಾರಿ ಪತ್ರ ಓದುತ್ತಿರುವುದೇ ಹೀಗೆ. ಮೇಲೆ 'ವಿಷಯ', ಕೆಳಗೆ 'ಕೂಡಲೇ ಸಲ್ಲಿಸುವುದು', ನಡುವಿನದು ಫೈಲಿಗೆ. ಒಮ್ಮೆ ಹೀಗೆ ಓದಿ, ಈಗಾಗಲೇ ಕಳಿಸಿದವರು ಮತ್ತೆ ಕಳಿಸಬಾರದು ಎಂದಿದ್ದ ಪತ್ರಕ್ಕೆ ಒಂದೇ ಮಾಹಿತಿಯನ್ನು ಮೂರು ಸಲ ಕಳಿಸಿದ್ದೆ. ಏಕೆ ಕಳಿಸಿದಿರಿ ಎಂದು ವಿವರಣೆ ಕೇಳಿ ಬಂದ ಪತ್ರವನ್ನೂ ಹೀಗೇ ಓದಿ ನಾಲ್ಕನೇ ಸಲ ಕಳಿಸಿದೆ.

"ಎಲ್ಲಾ ಓದಿ ಹೇಳ್ರಿ. ಒಂದೂ ಬಿಡಬ್ಯಾಡ್ರಿ" ಎಂದರು ಸರ್. ಓದಿದೆ. ಇದು ಇದೆಯೇ, ಇದೆ. ಅದು ಇದೆಯೇ, ಇದೆ. ನೂರು ಸಾಲು ದಾಟುವಾಗ ನನಗೆ ಆಕಳಿಕೆ ಬಂತು. ಅವರು ನನ್ನ ಕಡೆ ಕಿವಿ ಹೊರಳಿಸಿ ಕೇಳುತ್ತಿದ್ದರು. "ತಡೀರಿ. ಆ ಸಾಲು ಮತ್ತೊಮ್ಮೆ." ಮತ್ತೊಮ್ಮೆ ಓದಿದೆ. ಲೈಬ್ರರಿ ಇದೆ, ಆದರೆ ಅದನ್ನಿಟ್ಟುಕೊಂಡು ಹೊಸದನ್ನು ಕಟ್ಟುವವರಿಗೆ ಬೇಕಾದ ಡೆವಲಪ್‌ಮೆಂಟ್ ಪ್ಯಾಕೇಜ್ ಇಲ್ಲ, ಇಂಥ ಹೆಸರಿನದನ್ನು ಹಾಕಿಕೊಳ್ಳಿ ಎಂದು ಸ್ಪಷ್ಟವಾಗಿ ಬರೆದಿತ್ತು.

"ಪಾಪ, ಹೆಸರು ಸೈತ ಹೇಳ್ಯಾದಲ್ರಿ" ಎಂದರು. ಆ ಪ್ಯಾಕೇಜ್ ಬಂದು ಕೂತದ್ದೇ ತಡ, ಚಹಾ ಮುಗಿಯುವುದರೊಳಗೆ ಕಂಪೈಲ್ ಆಯಿತು.

ಪರೀಕ್ಷೆಗೆಂದು ಹೋದ ವರ್ಷದ ಒಂದು ಪಾಠ ಹಾಕಲು ಹೇಳಿದರು. ಯಂತ್ರ ಓದತೊಡಗಿತು. ಏರಿಲ್ಲ ಇಳಿವಿಲ್ಲ, ಆದರೂ ಅಪ್ಪಟ ಕನ್ನಡ. ಭೀಮರಾಯ ಸರ್ ಎರಡೂ ಕೈ ಮೊಣಕಾಲ ಮೇಲಿಟ್ಟು ಮುಂದಕ್ಕೆ ಬಾಗಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಅವರು ಕೈ ಎತ್ತಿದರು. ನಿಲ್ಲಿಸಿದೆ.

"ಇದು ನೀವು ಓದಿದ್ದಿಲ್ಲ."

"ಹೊಸದಾಗಿ ಸೇರಿಸ್ಯಾರೇನೋ ಸರ್" ಎಂದೆ.

ಅವರು ನಕ್ಕರು. "ಹಾಳಿ ಹೊಳ್ಳಿಸೋ ಸಪ್ಪಳ ಒಮ್ಮೊಮ್ಮೆ ಎರಡು ಸಲ ಬರ್ತಿತ್ರಿ. ನಿಮಗೂ ಮನಿ ಅದ, ದಣದಿರ್ತೀರಿ. ಹೆಂಗ ಕೇಳಲಿ ಅಂತ ಸುಮ್ಮನಿದ್ದೆ. ಅದಕ್ಕ ಈ ಮಶೀನಿಗೆ ಗಂಟುಬಿದ್ದೆ."

ಮನೆಗೆ ಹೋಗುವ ಸುರಪುರದ ಆರೂವರೆ ಬಸ್ಸು ತಪ್ಪಬಾರದೆಂದು ನಾನು ಹಾರಿಸಿದ ಹಾಳೆಗಳವು. ನಾನು ಬಿಟ್ಟದ್ದನ್ನು ಅವರು ಬಿಟ್ಟರು, ಅವರು ಬಿಟ್ಟದ್ದನ್ನು ಇಡೀ ಕ್ಲಾಸು ಬಿಟ್ಟಿತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ, ಅವರಿಗೆ ಅದು ಕಾಣದು ಎಂಬ ಸಮಾಧಾನವೂ ಆಗಲಿಲ್ಲ. "ತಪ್ಪಾಯ್ತ್ರಿ ಸರ್" ಎಂದೆ. "ಕುಂದರ್ರಿ, ಪೂರಾ ಕೇಳೂಣು" ಎಂದರು ಅವರು.

ಬಸ್ಸು ಹೋಯಿತು. ನಾನೇ ಓದಿಕೊಟ್ಟಿದ್ದ ಪಾಠವನ್ನು ಅವತ್ತು ಅವರ ಪಕ್ಕದಲ್ಲಿ ಕೂತು ಮೊದಲ ಸಲ ಪೂರ್ತಿ ಕೇಳಿದೆ. ಚೆನ್ನಾಗಿಯೇ ಇತ್ತು.