ಉತ್ಪನ್ನದ ಪ್ರಶ್ನೆ

ನಲವತ್ತೈದು ದಾಟಿದ ಗಂಡಸು ಹೊಸ ನೌಕರಿ ಹುಡುಕುವುದೆಂದರೆ, ಮದುವೆಯಾದವನು ಇನ್ನೊಮ್ಮೆ ಕನ್ಯೆ ನೋಡಲು ಹೊರಟ ಹಾಗೆ. ಒಳಗೊಳಗೇ ಆಸೆ, ಹೊರಗೆ ನಾಚಿಕೆ, ಯಾರಾದರೂ ಪರಿಚಯದವರು ನೋಡಿಬಿಟ್ಟಾರೆಂಬ ಅಂಜಿಕೆ. ಈ ವಯಸ್ಸಿನಲ್ಲಿ ಬೀಗರು ಬಿಜ್ಜರು ಸಿಕ್ಕರೆ ಕೇಳುವುದು ಮಕ್ಕಳ ನೌಕರಿಯನ್ನೇ ಹೊರತು ನಮ್ಮದನ್ನಲ್ಲ. ನಾವು ಎಲ್ಲಿ ಕೂತಿದ್ದೇವೋ ಅಲ್ಲೇ ಮುಪ್ಪಾಗುತ್ತೇವೆಂದು ಊರೇ ನಿರ್ಧರಿಸಿಬಿಟ್ಟಿರುತ್ತದೆ. ನಾನೂ ಹಾಗೆಯೇ ನಂಬಿದ್ದೆ. ಸೊಲ್ಲಾಪುರದ ಒಂದು ಚಾದರು-ಟವೆಲ್ಲಿನ ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ಮಾರ್ಕೆಟಿಂಗ್ ಮ್ಯಾನೇಜರ್ ಆಗಿದ್ದೇನೆ. ಹೆಸರು ದೊಡ್ಡದು. ಕೆಲಸವೆಂದರೆ ದೀಪಾವಳಿಗೆ ಮುಂಚೆ ಇಂಡಿ, ವಿಜಯಪುರ, ಕಲಬುರಗಿಯ ಅಂಗಡಿಕಾರರ ಮುಂದೆ ಚಾದರು ಹಾಸಿ, "ನೋಡ್ರಿ, ಮಕ್ಕಳ ಮದವಿಗೆ ಕೊಟ್ರ ಮೊಮ್ಮಕ್ಕಳ ಮದವಿತನಕ ಹರಿಯೂದಿಲ್ಲ" ಎಂದು ಹೇಳುವುದು.

ಹೋದ ವರ್ಷ ನಮ್ಮ ಮಾಲೀಕ ಶೇಟಜಿಯ ಅಣ್ಣನ ಮಗ ಪುಣೆಯಿಂದ ಪದವಿ ಮುಗಿಸಿಕೊಂಡು ಬಂದ. ಒಳ್ಳೆಯ ಹುಡುಗ, ವಿನಯವಂತ. ಮೊದಲನೇ ದಿನವೇ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, "ಕಾಕಾ, ನೀವಿನ್ನು ಆರಾಮ ಮಾಡ್ರಿ" ಅಂದ. ಮನೆಯಲ್ಲಿ ಯಾರಾದರೂ ಈ ಮಾತು ಹೇಳಿದರೆ ಸುಖ. ಆಫೀಸಿನಲ್ಲಿ ಹೇಳಿದರೆ ಎದೆ ಧಸಕ್ಕೆನ್ನುತ್ತದೆ. ಅಂದು ಮನೆಗೆ ಬಂದವನು ಊಟಕ್ಕೆ ಕೂತಾಗ ಮಗಳು ಶ್ರದ್ಧಾಳ ಮುಂದೆ ಬಾಯಿ ಬಿಟ್ಟೆ. ಅವಳು ನಾಲ್ಕು ದಿನ ಬಿಟ್ಟು, "ಪಪ್ಪಾ, ನಿಮ್ಮ ಅರ್ಜಿ ಹಾಕೀನಿ" ಅಂದಳು. ಎಲ್ಲರ ಮೊಬೈಲಿನಲ್ಲೂ ಕೂತಿರುವಂಥ ಒಂದು ಭಾರಿ ಕಂಪನಿ. ಕನ್ನಡದಲ್ಲಿ ಮಾತಾಡಿದರೆ ತಿಳಿದುಕೊಂಡು ಬರೆಯುವ, ಉತ್ತರ ಹೇಳುವ ಏನೋ ಒಂದನ್ನು ತಯಾರಿಸಿದ್ದರಂತೆ. ಅದನ್ನು ಈ ಗಡಿಭಾಗದ ಊರುಗಳಲ್ಲಿ ಹಬ್ಬಿಸಲು ಕನ್ನಡ, ಮರಾಠಿ ಎರಡೂ ಬರುವ ಅನುಭವಿ ಮನುಷ್ಯ ಬೇಕಾಗಿದ್ದನಂತೆ. ಶ್ರದ್ಧಾ ಬರೆದ ಅರ್ಜಿಯನ್ನು ಓದಿದೆ. ಅದರಲ್ಲಿದ್ದ ವ್ಯಕ್ತಿ ಎಷ್ಟು ದೊಡ್ಡವನಾಗಿದ್ದನೆಂದರೆ, ಅವನನ್ನು ಒಮ್ಮೆ ಭೇಟಿಯಾಗಬೇಕೆಂದು ನನಗೇ ಆಸೆಯಾಯಿತು.

ಕಂಪನಿಯವರಿಗೂ ಅದೇ ಆಸೆಯಾಗಿರಬೇಕು. ವಿಡಿಯೋದಲ್ಲಿ ಸಂದರ್ಶನವೆಂದು ತಿಳಿಸಿದರು. ಅಲ್ಲಿಂದ ನನ್ನ ಇಂಗ್ಲಿಷ್ ಅಭ್ಯಾಸ ಶುರುವಾಯಿತು. ಇಪ್ಪತ್ತು ವರ್ಷ ಚಾದರನ್ನು ಹೊಗಳಿದವನಿಗೆ ತನ್ನನ್ನು ಹೊಗಳಿಕೊಳ್ಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಶ್ರದ್ಧಾ ಬರೆದುಕೊಟ್ಟ ವಾಕ್ಯಗಳನ್ನು ಸ್ನಾನದ ಮನೆಯಲ್ಲಿ, ಗೋದಾಮಿನಲ್ಲಿ, ಸ್ಕೂಟರಿನ ಮೇಲೆ ಬಾಯಿಪಾಠ ಮಾಡಿದೆ. ಒಂದು ದಿನ ಸಿಗ್ನಲ್ಲಿನಲ್ಲಿ ನಿಂತು, "ಐ ಆ್ಯಮ್ ಎ ರಿಸಲ್ಟ್ ಓರಿಯೆಂಟೆಡ್ ಪರ್ಸನ್" ಅನ್ನುತ್ತಿದ್ದೆ. ಪಕ್ಕದ ಮೋಟಾರ್ ಸೈಕಲ್ಲಿನವನು ನಾನು ಫೋನಿನಲ್ಲಿ ಮಾತಾಡುತ್ತಿದ್ದೇನೆಂದು ಮೊದಲು ತಿಳಿದ. ಆಮೇಲೆ ನನ್ನ ಎರಡೂ ಕಿವಿ ಖಾಲಿ ಇರುವುದನ್ನು ನೋಡಿ ಗಾಡಿಯನ್ನು ಸ್ವಲ್ಪ ಆಚೆಗೆ ಸರಿಸಿಕೊಂಡ.

ನಮ್ಮ ಗಲ್ಲಿಯಲ್ಲಿ ನಳದ ಪೈಪು ಹಾಕಲು ದಿನವೂ ಬೆಳಗಿನಿಂದ ರಸ್ತೆ ಒಡೆಯುತ್ತಿದ್ದರು. ಆದ್ದರಿಂದ ಸಂದರ್ಶನದ ದಿನ ರಜೆ ಹಾಕಿ, ಶ್ರದ್ಧಾಳ ಲ್ಯಾಪ್‌ಟಾಪ್ ಹೊತ್ತುಕೊಂಡು ಅಕ್ಕಲಕೋಟೆಗೆ, ನನ್ನ ಅಕ್ಕನ ಮನೆಗೆ ಹೋದೆ. ಅದು ಶಾಂತವಾದ ಗಲ್ಲಿ. ಧಾರಾವಾಹಿ ನೋಡಲು ಅಕ್ಕ ವೈಫೈ ಬೇರೆ ಹಾಕಿಸಿಕೊಂಡಿದ್ದಳು. "ಖಾಲಿ ಹೊಟ್ಟೀಲೆ ಮುಲಾಖತ್ ಕೊಡಬಾರದು" ಎಂದು ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿ ನಡುಮನೆಯಲ್ಲಿ ಕೂರಿಸಿದಳು. ಹಿಂದಿನ ಗೋಡೆ ಸಾದಾ ಇರಬೇಕೆಂದು ಮಗಳು ತಾಕೀತು ಮಾಡಿದ್ದಳು. ಗೋಡೆಯ ತುಂಬ ದೇವರ ಫೋಟೋಗಳಿದ್ದುದರಿಂದ ಅಕ್ಕ ಮೊಳೆಗೆ ಒಂದು ಚಾದರು ಕಟ್ಟಿದಳು. ನಮ್ಮ ಕಂಪನಿಯದೇ ಚಾದರು. ಅದರಲ್ಲಿ ಗರಿ ಬಿಚ್ಚಿದ ನವಿಲು. ಪರದೆಯ ಮೇಲೆ ನನ್ನನ್ನು ನೋಡಿಕೊಂಡರೆ ಗರಿಗಳೆಲ್ಲ ನನ್ನ ಬೋಳುತಲೆಯಿಂದಲೇ ಹೊರಟಂತಿದ್ದವು. ಬದಲಾಯಿಸಲು ಸಮಯವಿರಲಿಲ್ಲ. ಆಗಲೇ ಎರಡು ಮುಖಗಳು ಮೂಡಿದವು.

ಒಬ್ಬರು ಕನ್ನಡ ಬಾರದ ದೊಡ್ಡ ಸಾಹೇಬರು. ಅವರು ಕೊನೆಯತನಕ ನವಿಲನ್ನೇ ನೋಡಿದರೆಂದು ನನ್ನ ಅನುಮಾನ. ಇನ್ನೊಬ್ಬಳು ಬೆಂಗಳೂರಿನ ಅನನ್ಯಾ ಎಂಬ ಹುಡುಗಿ, ನಮ್ಮ ಶ್ರದ್ಧಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನಾನು ಉಸಿರೆಳೆದುಕೊಂಡು "ಐ ಆ್ಯಮ್" ಎನ್ನುವಷ್ಟರಲ್ಲಿ ಅವಳು ನಕ್ಕು, "ಸರ್, ಕನ್ನಡದ ಕೆಲಸ ಅಲ್ವಾ, ಕನ್ನಡದಲ್ಲೇ ಮಾತಾಡೋಣ" ಅಂದಳು. ಕಲಿತ ಇಂಗ್ಲಿಷೆಲ್ಲ ಗಂಟಲಲ್ಲೇ ಉಳಿಯಿತು. ಆದರೂ ಮನಸ್ಸು ಹಗುರಾಯಿತು. ಕನ್ನಡ ಮನೆಯ ಮಾತು, ಏಳನೇ ತರಗತಿಯವರೆಗೆ ಇದೇ ಅಕ್ಕಲಕೋಟೆಯಲ್ಲಿ ಕನ್ನಡ ಸಾಲೆ ಕಲಿತವನು ನಾನು, ಇನ್ನೇನು ಭಯ ಅಂದುಕೊಂಡೆ.

"ನಮ್ಮ ಉತ್ಪನ್ನದ ಬಗ್ಗೆ ನಿಮಗೇನು ಗೊತ್ತು ಸರ್?" ಎಂದು ಅನನ್ಯಾ ಕೇಳಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಸೊಲ್ಲಾಪುರದ ಕಡೆ, ಮರಾಠಿಯ ಸಹವಾಸದಿಂದ, ಉತ್ಪನ್ನ ಅಂದರೆ ವರಮಾನ. ಮಕ್ಕಳ ಫೀ ಮಾಫಿಗೆ ತಹಶೀಲ ಕಚೇರಿಯಿಂದ ತರುವುದು ಉತ್ಪನ್ನದ ದಾಖಲೆ. ಕಂಪನಿ ತಯಾರಿಸುವುದಕ್ಕೆ ನಾವು ಮಾಲು ಅಂತೇವೆ. ಬೆಂಗಳೂರಿನವರು ಆ ಮಾಲಿಗೇ ಉತ್ಪನ್ನ ಅಂತಾರೆಂದು ನನಗೆ ಈಗ ಗೊತ್ತು. ಅವತ್ತು ಗೊತ್ತಿರಲಿಲ್ಲ. ಮೊದಲ ಭೇಟಿಯಲ್ಲೇ ಈ ಹುಡುಗಿ ತಮ್ಮ ಗಳಿಕೆಯ ಮಾತೆತ್ತಿದಳಲ್ಲ ಎಂದು ಸಂಕೋಚವಾಯಿತು.

"ನಿಮ್ಮ ಉತ್ಪನ್ನ ಕೇಳೂದು ನಮಗ ಶೋಭಾ ಕೊಡೂದಿಲ್ಲರಿ ಮೇಡಂ" ಅಂದೆ. "ದೇವರು ಕೊಟ್ಟಾನ, ಛಲೋ ನಡದದ."

ಅವಳು, "ಪರವಾಗಿಲ್ಲ, ಧೈರ್ಯವಾಗಿ ಹೇಳಿ. ನಮ್ಮ ಉತ್ಪನ್ನದಲ್ಲಿ ಏನಾದರೂ ಕೊರತೆ ಕಾಣುತ್ತಾ?" ಅಂದಳು.

"ಕೊರತೆ ಎಲ್ಲಿದರಿ? ನಿಮ್ಮಷ್ಟು ಉತ್ಪನ್ನ ಇದ್ದವರು ಜಗತ್ತಿನಾಗ ಯಾರದಾರ?"

ದೊಡ್ಡ ಸಾಹೇಬರು ನಾನು ಏನೋ ಗಂಭೀರವಾದದ್ದು ಹೇಳಿದೆನೆಂದು ತಲೆದೂಗಿದರು. ನನಗೂ ಹುರುಪು ಬಂತು. ಆಗ ಅನನ್ಯಾ ಕೇಳಿದಳು: "ಬೇರೆ ಕಂಪನಿಗಳ ಉತ್ಪನ್ನ ನೀವು ಮನೇಲಿ ಬಳಸ್ತೀರಾ?"

ಕಂಪನಿಯ ಗಳಿಕೆಯನ್ನು ಮನೆಗೆ ಬಳಸುವುದೆಂದರೆ ಕಳವು. ಅರ್ಜಿ ಹಾಕಿದವನನ್ನು ಹೀಗೆ ಕೇಳುವುದೇ? ನನಗರಿವಿಲ್ಲದೆ ದನಿ ಏರಿತು. "ಮೇಡಂ, ಇಪ್ಪತ್ತು ವರ್ಷ ಶೇಟಜಿ ಗಲ್ಲಾದ ಬಾಜೂಕ ಕುಂತೀನಿ. ಅವರದೊಂದು ರೂಪಾಯಿ ನಮ್ಮ ಮನಿಗೆ ಒಯ್ದಿಲ್ಲ. ಬೇಕಾದ್ರ ಚೌಕಶಿ ಮಾಡಸ್ರಿ."

ಚೌಕಶಿ, ಅಂದರೆ ವಿಚಾರಣೆ, ಎಂಬ ಮಾತು ಅಡುಗೆಮನೆಗೆ ಕೇಳಿಸಿತು. ವಿಡಿಯೋದಲ್ಲಿ ಪೊಲೀಸರೆಂದು ಹೇಳಿಕೊಂಡು ಮಂದಿಯನ್ನು ಅಂಜಿಸಿ ದುಡ್ಡು ಕೀಳುವವರ ಸುದ್ದಿಯನ್ನು ಅಕ್ಕ ಟಿವಿಯಲ್ಲಿ ದಿನಾ ನೋಡುತ್ತಾಳೆ. ಹಿಟ್ಟಿನ ಕೈಯಲ್ಲೇ ಬಂದು ನನ್ನ ಹೆಗಲ ಮೇಲಿಂದ ಬಗ್ಗಿದಳು. "ಏ ತಮ್ಮಾ, ಇವರು ಮುಲಾಖತ್ತಿನವರಲ್ಲೋ. ಮೋಸದ ಮಂದಿ" ಎಂದು ನನಗೆ ಹೇಳಿ, ಪರದೆಯ ಕಡೆ ತಿರುಗಿದಳು. "ಯಾಕವ್ವಾ, ನೋಡಿದ್ರ ಛಲೋ ಮನಿ ಹುಡುಗಿ ಕಂಡಂಗ ಕಾಣತಿ. ಇಂಥಾ ಧಂದೆ ಯಾಕ ಹಿಡದಿ? ಇವನ ಹಂತ್ಯಾಕ ರೊಕ್ಕ ಏನೂ ಇಲ್ಲ, ನೌಕರಿ ಸುದ್ದಾ ಹೋಗೂಹಂಗದ." ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಲ್ಯಾಪ್‌ಟಾಪಿನ ಮುಚ್ಚಳ ಹಾಕಿಬಿಟ್ಟಳು.

ಅದನ್ನು ಮತ್ತೆ ತೆರೆದು, ಕೀಲಿಗಳ ಮೇಲಿನ ಜೋಳದ ಹಿಟ್ಟು ಒರೆಸಿ, ಸೇರಿಕೊಳ್ಳುವ ಹೊತ್ತಿಗೆ ಅವರು ಎದ್ದು ಹೋಗಿರುತ್ತಾರೆಂದುಕೊಂಡಿದ್ದೆ. ಇಬ್ಬರೂ ಅಲ್ಲೇ ಇದ್ದರು. ಅನನ್ಯಾಳ ಕಣ್ಣುಗಳು ಕೆಂಪಾಗಿದ್ದವು. ಅತ್ತಿರಲಿಕ್ಕಿಲ್ಲ. "ಸರ್, ಉತ್ಪನ್ನ ಅಂದ್ರೆ ಪ್ರಾಡಕ್ಟ್" ಅಂದಳು ಮೆಲ್ಲಗೆ. ನಾನು ನವಿಲಿನ ಹಿಂದೆ ಅಡಗಿಕೊಳ್ಳಲು ಜಾಗವಿದೆಯೇ ಎಂದು ಯೋಚಿಸಿದೆ. ಅವಳು ಕೊನೆಯ ಪ್ರಶ್ನೆ ಕೇಳಿದಳು: ಈ ಕೆಲಸಕ್ಕೆ ನಿಮ್ಮನ್ನೇ ಯಾಕೆ ತಗೋಬೇಕು? ಇದಕ್ಕೆ ಶ್ರದ್ಧಾ ಬರೆದುಕೊಟ್ಟ ಉತ್ತರ ಅರ್ಧ ಪುಟದ್ದು. ಒಂದು ಅಕ್ಷರವೂ ನೆನಪಾಗಲಿಲ್ಲ.

"ನಮ್ಮ ಕಡಿ ಮಂದಿ ಹಿಂಗ ಮಾತಾಡ್ತಾರರಿ" ಅಂದೆ. "ನಿಮ್ಮ ಮಶೀನಿಗೆ ಇದು ತಿಳಿಯೂದಿಲ್ಲ. ನಿಮಗ ತಿಳೀಲಿಲ್ಲ, ಇನ್ನ ಅದಕ್ಕೇನು ತಿಳೀಬೇಕು?"

ಅನನ್ಯಾ ಇದನ್ನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಮೊದಲ ಸಲ ಏನೋ ಬರೆದುಕೊಂಡರು. ಸಂದರ್ಶನ ಮುಗಿಯಿತು. ಅಕ್ಕ ತಪ್ಪು ತಿಳಿದು ಪೆಚ್ಚಾಗಿ, ಸಮಾಧಾನಕ್ಕೆಂದು ಮತ್ತೆರಡು ರೊಟ್ಟಿ ಬಡಿಸಿದಳು.

ವಾರ ಕಳೆದ ಮೇಲೆ ಅನನ್ಯಾಳ ಫೋನು ಬಂತು. ಆ ಹುದ್ದೆಗೆ ಬೇರೆಯವರು ಸಿಕ್ಕಿದ್ದಾರೆ, ಆದರೆ ಮಶೀನಿಗೆ ಗಡಿಯ ಮಾತು ಕಲಿಸಲು ಮನುಷ್ಯರು ಬೇಕಾಗಿದ್ದಾರೆ, ದಿನಾ ಒಂದಿಷ್ಟು ಹೊತ್ತು ಮಾತಾಡುತ್ತೀರಾ, ಸಾಧ್ಯವಾದರೆ ನಿಮ್ಮ ಅಕ್ಕನೂ ಬರಲಿ ಎಂದಳು. ಅಕ್ಕನಿಗೆ ಹೇಳಿದೆ. "ಬೈಸಿಕೊಂಡು ಕೆಲಸಾ ಕೊಡ್ತಾರಂದ್ರ ದೊಡ್ಡ ಮನಸಿನ ಮಂದಿ" ಎಂದು ಒಪ್ಪಿಕೊಂಡಳು. ನಾನು ಎರಡು ತಿಂಗಳ ರಜೆ ಕೇಳಿದೆ. ಶೇಟಜಿ ಒಂದು ಸಲವೂ ಯಾಕೆ ಅನ್ನದೆ ಕೊಟ್ಟರು. ಸ್ವಲ್ಪ ಕೊಸರಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮರುದಿನವೇ ಅವರ ಅಣ್ಣನ ಮಗ ನನ್ನ ಮೇಜಿಗೆ ಬಂದು ಕೂತನೆಂದು ಗೋದಾಮಿನವರು ಹೇಳಿದರು.

ಈಗ ದಿನಾ ಮುಂಜಾನೆ ಕೂತು ಮೊಬೈಲಿನ ಎದುರು ಮನಸ್ಸಿಗೆ ಬಂದದ್ದು ಮಾತಾಡುತ್ತೇನೆ. ಅದು ಕೇಳಿ ಬರೆಯುತ್ತದೆ. ಬರೆದದ್ದನ್ನು ನೋಡಿ 'ಸರಿ' ಅಥವಾ 'ತಪ್ಪು' ಎಂಬ ಗುಂಡಿ ಒತ್ತುವುದು ನನ್ನ ಕೆಲಸ. ಮೊನ್ನೆ ಗತ್ತಿನಿಂದ, "ನಾ ಮಾರ್ಕೆಟಿಂಗ್ ಮ್ಯಾನೇಜರ್ ಅದೀನಿ" ಅಂದೆ, ಅಂದರೆ ಈಗಲೂ ಇದ್ದೇನೆಂದು. ಅದು ಒಂದು ಗಳಿಗೆ ಯೋಚನೆ ಮಾಡಿ, "ನಾನು ಮಾರ್ಕೆಟಿಂಗ್ ಮ್ಯಾನೇಜರ್ ಆಗಿದ್ದೆ" ಎಂದು ಬರೆಯಿತು. ನಾನು ಬೆರಳನ್ನು 'ತಪ್ಪು' ಗುಂಡಿಯ ಮೇಲೆ ಒಯ್ದೆ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದೆ. ಆಮೇಲೆ ಪ್ರಾಮಾಣಿಕವಾಗಿ 'ಸರಿ' ಒತ್ತಿದೆ.