ಕೊಂಡಿ ಬಿದ್ದ ಬಳೆಗಳು

ಮೇಷ್ಟ್ರ ಹೆಂಡತಿ ರಾತ್ರಿ ಊಟವಾದ ಮೇಲೆ ತಂಗಿಯ ಜೊತೆ ಫೋನಿನಲ್ಲಿ ಹರಟುತ್ತ ಹಗ್ಗದ ಎರಡು ಬಳೆ ಹೊಲಿದುಕೊಟ್ಟಿದ್ದರು. ಹೊಲಿಗೆ ಉಡದ ಹಿಡಿತದಂತಿತ್ತು. ಎಡವಟ್ಟಾದದ್ದು ಒಂದೇ: ಮಾತಿನ ಭರದಲ್ಲಿ ಕೆಂಪು ಬಳೆಯನ್ನು ನೀಲಿ ಬಳೆಯೊಳಗೆ ತೂರಿಸಿ ಹೊಲಿದಿದ್ದರು.

ಮೇಷ್ಟ್ರು ಈಗ ಪಾಠ ಮಾಡುವವರಲ್ಲ, ವಿಜ್ಞಾನ ಸಂಗ್ರಹಾಲಯಕ್ಕೆ ಬಂದವರಿಗೆ ವಿವರಣೆ ಕೊಡುವವರು. ಹಳೇ ಹೆಸರು ಮಾತ್ರ ಅಂಟಿಕೊಂಡಿತ್ತು. ಅವತ್ತು ಹನ್ನೊಂದಕ್ಕೆ ಹಿರಿಯ ಮಹಿಳಾ ವಿಜ್ಞಾನಿಯೊಬ್ಬರು ಬರುವವರಿದ್ದರು. ಒಂದು ಬ್ಯಾಕ್ಟೀರಿಯಾ ಎರಡಾಗುವ ಮೊದಲು ಬಳೆಯಂಥ ಅದರ ವರ್ಣತಂತು ಎರಡಾಗಿ, ಒಂದೊಂದು ಒಂದೊಂದು ತುದಿಗೆ ಸರಿಯುತ್ತದೆ. ಆಮೇಲೆ ನಡುವೆ ಗೋಡೆ ಏಳುತ್ತದೆ. ಅದನ್ನು ತೋರಿಸಲು ಮೇಷ್ಟ್ರು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಆಳುದ್ದದ ಬ್ಯಾಕ್ಟೀರಿಯಾ ಮಾಡಿ, ವರ್ಣತಂತುಗಳೆಂದು ಆ ಎರಡು ಬಳೆಗಳನ್ನು ಒಳಗಿಟ್ಟು, ಒಂದೊಂದಕ್ಕೂ ಒಂದೊಂದು ತುದಿಯಿಂದ ದಾರ ಕಟ್ಟಿದ್ದರು.

"ಇದೊಂದು ಚೆನ್ನಾಗಿ ಆಗ್ಲಿ, ಮಧ್ಯಾಹ್ನ ರಜೆ ತಗೊಳ್ಳಿ" ಎಂದಿದ್ದರು ನಿರ್ದೇಶಕಿ. ಎರಡು ಗಂಟೆಗೆ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ. ಒಂದು ಮಾತೂ ಇಲ್ಲದಿದ್ದರೂ ಮೂರು ವಾರದಿಂದ ಮನೆಯಲ್ಲಿ ಅಭ್ಯಾಸ ನಡೆದಿತ್ತು.

ಹತ್ತು ಗಂಟೆಗೆ ಮೇಷ್ಟ್ರು ಎರಡೂ ತುದಿಯ ದಾರ ಎಳೆದು ನೋಡಿದರು. ಬಳೆಗಳು ಜಗಳವಾಡುವ ಮಕ್ಕಳಂತೆ ಒಂದನ್ನೊಂದು ಹಿಡಿದು ನಡುವೆಯೇ ನಿಂತವು.

"ನೀವು ಬಿಡಿ ಮೇಷ್ಟ್ರೇ, ಇದಕ್ಕೆ ಕಸುವು ಬೇಕು" ಎಂದು ಕಾವಲುಗಾರ ತೋಳು ಮಡಿಸಿ ಎಳೆದ. ಬ್ಯಾಕ್ಟೀರಿಯಾ ಬಿಲ್ಲಿನಂತೆ ಬಾಗಿ ಕಿರ್ ಎಂದಿತು.

"ಅಯ್ಯೋ, ಕೂದಲ ಸಿಕ್ಕು ಬಿಡಿಸಿದ ಹಾಗೆ ಮೆಲ್ಲಗೆ ಬಿಡಿಸ್ಬೇಕು" ಎಂದು ಟಿಕೆಟ್ ಕೊಡುವ ಅಕ್ಕ ಕೈಹಾಕಿ ಇಪ್ಪತ್ತು ನಿಮಿಷ ಕಳೆದಳು.

"ಇದು ಸಿಕ್ಕಲ್ಲ ಕಣಮ್ಮ, ಕೊಂಡಿ! ಕತ್ತರಿಸದೆ ಬಿಡಲ್ಲ" ಎಂದರು ಮೇಷ್ಟ್ರು.

"ಕತ್ತರಿಸೋದಾ?" ಗುಮಾಸ್ತರು ಕನ್ನಡಕ ಏರಿಸಿದರು. "ಸಂಗ್ರಹಾಲಯದ ವಸ್ತುವಿಗೆ ಕತ್ತರಿ ಹಾಕೋಕೆ ಸಮಿತಿ ಒಪ್ಪಿಗೆ ಬೇಕು. ಸಮಿತಿ ಸೇರೋದು ಮುಂದಿನ ತಿಂಗಳು."

"ಅಲ್ಲೀವರೆಗೂ ಬ್ಯಾಕ್ಟೀರಿಯಾ ಕಾಯತ್ತಾ ಸ್ವಾಮಿ?"

ಹತ್ತೂ ಮುಕ್ಕಾಲು. ಮೇಷ್ಟ್ರು ಅಕ್ಕನ ಚೀಲದಿಂದ ಸೂಜಿ ದಾರ, ಕತ್ತರಿ ಈಸಿಕೊಂಡು ಬಳೆಗಳ ಸಮೇತ ಶೌಚಾಲಯ ಹೊಕ್ಕು ಚಿಲಕ ಹಾಕಿದರು. ಕೆಂಪನ್ನು ಕತ್ತರಿಸಿ, ನೀಲಿಯನ್ನು ಆಚೆ ದಾಟಿಸಿ, ಕೆಂಪಿನ ತುದಿಗಳನ್ನು ಮತ್ತೆ ಕೂಡಿಸಿ ಹೊಲಿದರು. "ಮೇಷ್ಟ್ರೇ, ಬಂದೇಬಿಟ್ರು!" ಎಂದು ಕಾವಲುಗಾರ ಬಾಗಿಲು ಬಡಿದ. ಗಾಬರಿಯಲ್ಲಿ ಎದ್ದರೆ ಬಳೆ ಕೈ ಬಿಡಲೊಲ್ಲದು: ಅಂಗಿಯ ತೋಳನ್ನೂ ಸೇರಿಸಿ ಹೊಲಿದಿದ್ದರು! ಹಲ್ಲು ಕಚ್ಚಿ ತೋಳನ್ನು ಹರಿದುಕೊಂಡು ಓಡಿದರು.

ಆದರೆ ಪ್ರದರ್ಶನ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಕೆಂಪು ಅತ್ತ, ನೀಲಿ ಇತ್ತ, ನಡುವೆ ಗೋಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರ ಕಣ್ಣು ಗಡಿಯಾರದತ್ತ ಹೋಯಿತು.

"ಚೆನ್ನಾಗಿದೆ, ಆದ್ರೆ ಒಂದು ಸುಳ್ಳಿದೆ" ಎಂದರು ಬೆಳ್ಳಿಗೂದಲಿನ ವಿಜ್ಞಾನಿ. "ಇಷ್ಟು ಸಲೀಸಾಗಿ ಅವು ಬೇರೆ ಆಗಲ್ಲಪ್ಪ. ವರ್ಣತಂತು ನಕಲಾಗಿ ಎರಡಾದಾಗ ಆ ಬಳೆಗಳು ಸರಪಳಿ ತರ ಕೊಂಡಿ ಹಾಕ್ಕೊಂಡಿರ್ತವೆ. ಒಂದನ್ನ ಕತ್ತರಿಸಿ, ಇನ್ನೊಂದನ್ನ ದಾಟಿಸಿ, ಮತ್ತೆ ಬೆಸೆಯೋಕೇ ಒಂದು ಕಿಣ್ವ ಇದೆ. ನಲವತ್ತು ವರ್ಷ ನಾನು ಅದರ ಹಿಂದೇನೇ ಬಿದ್ದಿದ್ದೆ."

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಅಮ್ಮಾ, ಬೆಳಿಗ್ಗೆ ಹಾಗೇ ಇದ್ವು! ನಾನೇ ಕತ್ತರಿಸಿ, ದಾಟಿಸಿ, ಹೊಲಿದೆ. ನೋಡಿ!" ಎಂದು ಹರಿದ ತೋಳನ್ನು ಪದಕದಂತೆ ಎತ್ತಿ ತೋರಿಸಿದರು.

ಮುದುಕಿಯ ಮುಖ ಅರಳಿತು. "ಹಾಗಾದ್ರೆ ನಿಮಗೆ ಬರತ್ತೆ! ಎರಡು ಗಂಟೆಗೆ ನನ್ನ ಅರವತ್ತು ವಿದ್ಯಾರ್ಥಿಗಳು ಬರ್ತಾರೆ. ಕೊಂಡಿ ಹಾಕಿ, ಅವರೆದುರೇ ಬಿಡಿಸಿ ತೋರಿಸಿ."

"ಎರಡಕ್ಕಾ? ನನ್ನ ಮಗಳು... ಮರ..."

"ಖಂಡಿತ ತೋರಿಸ್ತಾರೆ. ರಜೆ ನಾಳೆ ತಗೋತಾರೆ" ಎಂದರು ನಿರ್ದೇಶಕಿ.

"ಬ್ಯಾಕ್ಟೀರಿಯಾ ಇಷ್ಟೆಲ್ಲ ಇಪ್ಪತ್ತೇ ನಿಮಿಷದಲ್ಲಿ ಮುಗಿಸಿಬಿಡತ್ತೆ" ಎಂದು ವಿಜ್ಞಾನಿ ಅಕ್ಕರೆಯಿಂದ ಬೆನ್ನು ತಟ್ಟಿದರು. "ನೀವು ಬೇಕಾದ್ರೆ ಅರ್ಧ ಗಂಟೆ ತಗೊಳ್ಳಿ."